ಮಿರಜಿನ ವಾನ್ಲೆಸ್ ಡಾಕ್ಟರು

ಸಾಂಗ್ಲಿ ಜಿಲ್ಲೆಯ ಜತ್ ತಾಲೂಕಿನ ಸಂಖ ಎಂಬ ಊರಿನ ಹೆಸರನ್ನು ನಮ್ಮಲ್ಲಿ ಹೆಚ್ಚಿನವರು ಕೇಳಿರಲಾರರು. ಬಿಜಾಪುರದ ಗಡಿಗೆ ಸಮೀಪದ, ಮಳೆ ಕಡಿಮೆಯ ಸೀಮೆ ಅದು. ಮನೆಯ ಮಾತು ಕನ್ನಡ, ಕಚೇರಿಯ ಮಾತು ಮರಾಠಿ. ೧೯೬೭ರ ಮಹಾಜನ ವರದಿಯು ಚಂದ್ರಗಿರಿಯ ಉತ್ತರದ ನಮ್ಮ ನೆಲವನ್ನು ಅಂದಿನ ಮೈಸೂರು ರಾಜ್ಯಕ್ಕೆ ಸೇರಿಸಬೇಕೆಂದು ಹೇಳಿದಂತೆಯೇ ಜತ್ ತಾಲೂಕಿನ ೪೪ ಹಳ್ಳಿಗಳ ಬಗೆಗೂ ಹೇಳಿತ್ತು. ಎರಡೂ ಕಡತದಲ್ಲೇ ಉಳಿದವು. ಹಾಗಾಗಿ ಆ ಊರಿನವರು ನಮಗೆ ದೂರದ ನೆಂಟರು.

ಬಾಯಿಯ ಹುಣ್ಣು ಮಾಯದಿದ್ದರೆ, ಎದೆಯಲ್ಲಿ ಗಂಟು ಕೈಗೆ ಸಿಕ್ಕರೆ ಆ ಕಡೆಯವರು ಹಿಡಿಯುವ ದಾರಿ ಮಿರಜಿನದು. ಮಿರಜನ್ನು ರೋಗಿಗಳ ಊರನ್ನಾಗಿ ಮಾಡಿದವರು ವಿಲಿಯಂ ಜೇಮ್ಸ್ ವಾನ್ಲೆಸ್.

ಅವರು ಹುಟ್ಟಿದ್ದು ೧೮೬೫ರಲ್ಲಿ, ಕೆನಡಾದಲ್ಲಿ. ನ್ಯೂಯಾರ್ಕಿನಲ್ಲಿ ವೈದ್ಯ ಪದವಿ ಪಡೆದು ೧೮೮೯ರಲ್ಲಿ ಪತ್ನಿ ಮೇರಿಯವರೊಂದಿಗೆ ಅಮೆರಿಕದ ಪ್ರೆಸ್ಬಿಟೇರಿಯನ್ ಮಿಶನ್ನಿನ ಪರವಾಗಿ ಸಾಂಗ್ಲಿಗೆ ಬಂದರು. ಧರ್ಮಪ್ರಚಾರವೂ ಅವರ ಉದ್ದೇಶವಾಗಿತ್ತೆಂಬುದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಜನ ಅವರನ್ನು ನೆನಪಿಟ್ಟುಕೊಂಡದ್ದು ಅವರ ಕೈಗುಣಕ್ಕಾಗಿ. ಸಾಂಗ್ಲಿಯ ಬಳಿಯ ಮಿರಜ್ ರೈಲು ಕೂಡುವ ಊರು. ಬೆಳಗಾವಿ, ಲೋಂಡಾ ಕಡೆಯ ಗಾಡಿ ಅಲ್ಲಿಗೆ ಬರುತ್ತಿತ್ತು. ಅವರು ಅಲ್ಲಿಗೆ ಹೋಗಿ ನೆಲೆಸಿದರು. ಮಿರಜಿನ ಸಂಸ್ಥಾನಿಕರು ಜಾಗ ಕೊಟ್ಟರು. ಫಿಲಡೆಲ್ಫಿಯದ ಜಾನ್ ಕಾನ್ವರ್ಸ್ ಎಂಬ ಉದ್ಯಮಿ ಹಣ ಕೊಟ್ಟರು. ೧೮೯೪ರಲ್ಲಿ ಆಸ್ಪತ್ರೆ ತೆರೆಯಿತು.

ಶಸ್ತ್ರಚಿಕಿತ್ಸೆಯೆಂದರೆ ಸಾವೆಂದೇ ತಿಳಿದಿದ್ದ ಕಾಲವದು. ಕಣ್ಣಿನ ಪೊರೆ ತೆಗೆಸಿಕೊಂಡ ಮುದುಕ ತಾನೇ ದಾರಿ ನೋಡಿಕೊಂಡು ಊರಿಗೆ ಮರಳಿದರೆ ಅದಕ್ಕಿಂತ ದೊಡ್ಡ ಜಾಹೀರಾತು ಬೇಕೆ? ಉಳ್ಳವರಿಂದ ಫೀಸು ಪಡೆದು ಇಲ್ಲದವರಿಗೆ ಆ ಹಣದಲ್ಲಿ ಚಿಕಿತ್ಸೆ ಮಾಡುವುದು ಅವರ ಕ್ರಮವಾಗಿತ್ತು. ಮರಾಠಿಯವರಷ್ಟೇ ಅಲ್ಲ, ಮುಂಬಯಿ ಕರ್ನಾಟಕದ ಕನ್ನಡಿಗರೂ ಅಲ್ಲಿಗೆ ಹೋಗುತ್ತಿದ್ದರು.

ಅಂದು ಕ್ಯಾನ್ಸರಿಗೆ ಇದ್ದ ಮದ್ದು ಕತ್ತಿಯೊಂದೇ. ಎಕ್ಸ್‌ರೇ ಕಿರಣ ಕಂಡದ್ದು ೧೮೯೫ರಲ್ಲಿ, ರೇಡಿಯಂ ೧೮೯೮ರಲ್ಲಿ. ಅವು ಚಿಕಿತ್ಸೆಯಾಗಿ ನಮ್ಮ ಹಳ್ಳಿಗರನ್ನು ತಲುಪಲು ದಶಕಗಳೇ ಬೇಕಾದವು. ಗಂಟು ಚಿಕ್ಕದಿರುವಾಗ ಬಂದರೆ ಕೊಯ್ದು ತೆಗೆಯಬಹುದು. ಹರಡಿದ ಮೇಲೆ ಎಂಥ ನಿಪುಣನ ಕೈಯೂ ಸೋಲುತ್ತದೆ. ಗಾಡಿ ಕಟ್ಟಿಕೊಂಡು ಬರುವ ಬಡವ ಬೇಗ ಬರುವುದೆಂತು?

ದೊಡ್ಡ ಆಸ್ಪತ್ರೆಯೊಂದು ದೂರದಲ್ಲಿದ್ದರೆ ಸಾಲದು, ಊರಿನ ಹತ್ತಿರವೇ ರೋಗವನ್ನು ಗುರುತಿಸಬಲ್ಲವರು ಬೇಕು. ೧೮೯೭ರಲ್ಲಿ ಅವರು ಮಿರಜಿನಲ್ಲೇ ವೈದ್ಯಶಾಲೆ ಆರಂಭಿಸಿದರು. ಈ ನೆಲದ ಹುಡುಗರೇ ಅಲ್ಲಿ ಕಲಿತು ಸಣ್ಣ ಊರುಗಳಲ್ಲಿ ದವಾಖಾನೆ ತೆರೆದರು. ಅವರ ಎಲ್ಲ ಕೆಲಸಗಳಲ್ಲಿ ಇದೇ ದೊಡ್ಡದೆಂದು ನಮಗನಿಸುತ್ತದೆ. ಕುಷ್ಠರೋಗಿಗಳ ಆಶ್ರಮ, ಮುಂದೆ ವಾನ್ಲೆಸ್‌ವಾಡಿ ಎಂದು ಹೆಸರಾದ ಕಡೆ ಕ್ಷಯರೋಗದ ಆಸ್ಪತ್ರೆ, ಇವೂ ಎದ್ದವು. ತೀರಿಕೊಂಡ ಪತ್ನಿ ಮೇರಿಯವರ ಹೆಸರು ಕೊಲ್ಲಾಪುರದ ಆಸ್ಪತ್ರೆಯೊಂದಕ್ಕೆ ಬಂತು.

೧೯೨೮ರಲ್ಲಿ ಸರ್ ಪದವಿ ಬಂತು. ಆ ವರ್ಷವೇ ನಿವೃತ್ತರಾಗಿ ಮರಳಿದರು. ೧೯೩೩ರ ಮಾರ್ಚಿನಲ್ಲಿ ಕ್ಯಾಲಿಫೋರ್ನಿಯದಲ್ಲಿ ತೀರಿಕೊಂಡರು. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆ ಬಾಗಿಲು ತೆರೆದದ್ದು ಆಮೇಲೆ, ೧೯೪೧ರಲ್ಲಿ. ಮಿರಜಿನಲ್ಲಿ ಈಗ ಕ್ಯಾನ್ಸರಿಗೆಂದೇ ಆಸ್ಪತ್ರೆಯಿದೆ. ಸಂಖದವರಿಗೆ ಅದೂ ದಿನವಿಡೀ ಹಿಡಿಯುವ ದಾರಿ. ತಲುಪಿದ ಮೇಲೆ ಚೀಟಿ ಬರೆಸುವುದು ಮರಾಠಿಯಲ್ಲಿ.

ನಮ್ಮ ಪಾಡೇನು ಬೇರೆ? ಎಲೆಯಡಿಕೆಗೆ ಹೊಗೆಸೊಪ್ಪು ಸೇರಿಸುವ ಚಟ ಅಲ್ಲಿಯಂತೆ ಇಲ್ಲಿಯೂ ಇದೆ. ನಮ್ಮವರಿಗೆ ತೆಂಕಲಲ್ಲಿ ತಲಶ್ಶೇರಿ, ತಿರುವನಂತಪುರ, ಬಡಗಲಲ್ಲಿ ಮಂಗಳೂರು. ೨೦೨೦ರ ಮಾರ್ಚಿನಲ್ಲಿ ತಲಪಾಡಿಯ ಗಡಿ ಮುಚ್ಚಿದಾಗ ಮಂಗಳೂರಿನ ದಾರಿಯೂ ಕಟ್ಟಿತು, ಆಂಬುಲೆನ್ಸಿನಲ್ಲಿದ್ದವರೂ ಹಿಂದಿರುಗಬೇಕಾಯಿತು. ನಮ್ಮ ನೆರೆಮನೆಯ ಅಜ್ಜನೊಬ್ಬರ ನಾಲಿಗೆಯ ಹುಣ್ಣನ್ನು ಆರು ತಿಂಗಳು ಉಷ್ಣವೆಂದೇ ತಿಳಿದು ಕೊತ್ತಂಬರಿ ಕಷಾಯ ಕುಡಿಸಿದೆವು. ಆಸ್ಪತ್ರೆಗೆ ಕರೆದೊಯ್ದಾಗ ಮಲಯಾಳದಲ್ಲಿ ಕೇಳಿದ ಪ್ರಶ್ನೆಗಳಿಗೆಲ್ಲ ಅಜ್ಜ ತಲೆಯಾಡಿಸಿದರು. ಎಷ್ಟು ದಿನದ ಹುಣ್ಣು ಎಂಬುದನ್ನು ನಾವು ಹೇಳುವಷ್ಟರಲ್ಲಿ ಡಾಕ್ಟರು ಮುಂದಿನ ಚೀಟಿಯವರನ್ನು ಕರೆದಾಗಿತ್ತು.