ಕಮ್ಮಾರನ ಮಗ ತೋರಿದ ಏಕಮುಖ ದಾರಿ

ರಾಡಾರ್ ಹಾಗೂ ಮೊಬೈಲ್ ಗೋಪುರಗಳಲ್ಲಿನ ಪ್ರೇಷಕಗಳನ್ನು ಮರಳಿ ಬರುವ ಅಲೆಗಳಿಂದ ಕಾಯುವ ಪುಟ್ಟ ಸಾಧನವೊಂದಿದೆ. ಅದರ ಹೆಸರು ‘ಐಸೊಲೇಟರ್’. ಅದರ ಮೂಲವನ್ನು ಅರಸುತ್ತ ಹೋದರೆ ನಾವು ತಲುಪುವುದು, ರೇಡಿಯೊ ಹುಟ್ಟುವ ಮುನ್ನವೇ ಕಣ್ಮುಚ್ಚಿದ ಮೈಕೆಲ್ ಫ್ಯಾರಡೆ ಅವರ ಪ್ರಯೋಗಶಾಲೆಯನ್ನು.

1791ರ ಸೆಪ್ಟೆಂಬರ್ 22ರಂದು ಲಂಡನ್ನಿನ ಬಳಿ ಬಡ ಕಮ್ಮಾರನ ಮಗನಾಗಿ ಜನಿಸಿದ ಫ್ಯಾರಡೆ ಅವರಿಗೆ ದೊರೆತ ಶಾಲಾ ಶಿಕ್ಷಣ ಅತ್ಯಲ್ಪ. 14ನೆಯ ವಯಸ್ಸಿನಲ್ಲಿ ಜಾರ್ಜ್ ರೀಬೊ ಎಂಬುವರ ಬಳಿ ಪುಸ್ತಕಗಳಿಗೆ ರಟ್ಟು ಕಟ್ಟುವ ಕೆಲಸ ಕಲಿಯಲು ಸೇರಿದರು. ಕಟ್ಟಲು ಬಂದ ಪುಸ್ತಕಗಳೇ ಅವರ ಪಾಠಶಾಲೆಯಾದವು. 1812ರಲ್ಲಿ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಹಂಫ್ರಿ ಡೇವಿ ಅವರ ಉಪನ್ಯಾಸಗಳನ್ನು ಕೇಳಿ, ಬರೆದುಕೊಂಡ ಟಿಪ್ಪಣಿಗಳಿಗೆ ತಾವೇ ರಟ್ಟು ಹಾಕಿ ಡೇವಿಯವರಿಗೆ ಕಳುಹಿಸಿದರು. ಮರುವರ್ಷ ಅದೇ ಸಂಸ್ಥೆಯಲ್ಲಿ ಸಹಾಯಕರಾದರು. 1831ರಲ್ಲಿ ವಿದ್ಯುತ್ಕಾಂತೀಯ ಪ್ರೇರಣೆಯನ್ನು ಕಂಡುಹಿಡಿದು ಜಗದ್ವಿಖ್ಯಾತರಾದರು.

ಆದರೆ ನಮ್ಮ ಕಥೆಗೆ ಮುಖ್ಯವಾದುದು ಅವರ ಒಂದು ಸೋಲು. 1820ರ ದಶಕದಲ್ಲಿ ದೂರದರ್ಶಕಗಳಿಗೆ ಉತ್ತಮ ಗಾಜು ತಯಾರಿಸುವ ಹೊಣೆ ಅವರ ಮೇಲೆ ಬಿದ್ದಿತ್ತು. ವರ್ಷಗಳ ಶ್ರಮಕ್ಕೆ ನಿರೀಕ್ಷಿಸಿದ ಫಲ ದೊರೆಯಲಿಲ್ಲ. ಉಳಿದದ್ದು ಸೀಸ ಬೆರೆತ ಭಾರದ ಗಾಜಿನ ತುಂಡುಗಳು ಮಾತ್ರ. 1845ರ ಸೆಪ್ಟೆಂಬರ್ 13ರಂದು ಅಂಥದೊಂದು ತುಂಡನ್ನು ಪ್ರಬಲ ಕಾಂತದ ಬಳಿಯಿರಿಸಿ, ಅದರೊಳಗೆ ಧ್ರುವೀಕೃತ ಬೆಳಕನ್ನು ಹಾಯಿಸಿದರು. ಬೆಳಕಿನ ಕಂಪನದ ತಲ ತಿರುಗಿತು! ಬೆಳಕಿಗೂ ಕಾಂತತ್ವಕ್ಕೂ ನಂಟಿದೆಯೆಂಬುದಕ್ಕೆ ದೊರೆತ ಮೊದಲ ಪುರಾವೆ ಇದು.

ಈ ತಿರುಗುವಿಕೆಗೆ ವಿಶೇಷ ಗುಣವೊಂದಿದೆ. ಅದರ ದಿಕ್ಕನ್ನು ನಿರ್ಧರಿಸುವುದು ಕಾಂತಕ್ಷೇತ್ರವೇ ಹೊರತು ಅಲೆ ಸಾಗುವ ದಿಕ್ಕಲ್ಲ. ಹೋಗುವಾಗ 45 ಡಿಗ್ರಿ ತಿರುಗಿದ ಅಲೆ, ಹಿಂದಿರುಗುವಾಗ ಮೊದಲಿನ ಸ್ಥಿತಿಗೆ ಬಾರದೆ ಅದೇ ಕಡೆಗೆ ಇನ್ನೂ 45 ಡಿಗ್ರಿ ತಿರುಗುತ್ತದೆ. ಒಟ್ಟು 90 ಡಿಗ್ರಿ ತಿರುಗಿದ ಅಲೆಗೆ ಬಂದ ಬಾಗಿಲು ಮುಚ್ಚಿರುತ್ತದೆ. ಇದರಿಂದ ಬೆಳಕಿಗೆ ಏಕಮುಖ ದಾರಿ ರಚಿಸಬಹುದೆಂದು 1885ರಲ್ಲಿ ಲಾರ್ಡ್ ರ‍್ಯಾಲೆ ಸೂಚಿಸಿದರು. 1952ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದ ಲೆಸ್ಟರ್ ಹೋಗನ್, ಗಾಜಿನ ಬದಲು ಫೆರೈಟ್ ಬಳಸಿ ಇದೇ ತತ್ವವನ್ನು ಮೈಕ್ರೋವೇವ್ ಅಲೆಗಳಿಗೆ ಅಳವಡಿಸಿದರು.

ಆಂಟೆನಾ ಅಥವಾ ಕೇಬಲ್ ಸರಿಹೊಂದದಿದ್ದರೆ ಪ್ರೇಷಕ ಕಳುಹಿಸಿದ ಶಕ್ತಿಯ ಒಂದು ಭಾಗ ಮರಳಿ ಅದರತ್ತಲೇ ನುಗ್ಗುತ್ತದೆ. ಆವರ್ತನ ಕದಲಬಹುದು, ಟ್ರಾನ್ಸಿಸ್ಟರ್ ಸುಟ್ಟುಹೋಗಬಹುದು. ಐಸೊಲೇಟರ್ ಆ ಶಕ್ತಿಯನ್ನು ಹೀರಿ ಶಾಖವಾಗಿಸುತ್ತದೆ. ಅದರ ಕಾಂತ ಶಾಶ್ವತವಾದುದರಿಂದ ಈ ಕಾವಲಿಗೆ ವಿದ್ಯುತ್ ಪೂರೈಕೆ ಬೇಡ.

ರಾಯಲ್ ಸೊಸೈಟಿಯ ಅಧ್ಯಕ್ಷ ಪದವಿಯನ್ನು ನಿರಾಕರಿಸಿ ಸರಳವಾಗಿಯೇ ಬಾಳಿದ ಫ್ಯಾರಡೆ, 1867ರ ಆಗಸ್ಟ್ 25ರಂದು ನಿಧನರಾದರು. ಅವರು ಎಸೆಯದೆ ಕಾದಿರಿಸಿದ್ದ ಗಾಜಿನ ತುಂಡು ಕಲಿಸಿದ ಪಾಠ ಇಂದಿಗೂ ಸಂಪರ್ಕ ಗೋಪುರಗಳನ್ನು ಕಾಯುತ್ತಿದೆ.