ಕೈಕಸುಬಿನ ಮಾನ ಕಾಯ್ದ ಸಂಚಾರಿ: ಕಮಲಾದೇವಿ ಚಟ್ಟೋಪಾಧ್ಯಾಯ

ಗಡಿನಾಡಿನ ಕನ್ನಡ ಶಾಲೆಯೊಂದು ನೂರು ವರ್ಷಗಳನ್ನು ಪೂರೈಸುವ ಶುಭ ಸಂದರ್ಭದಲ್ಲಿ ನಾಡಿಗೆ ಬೆಳಕು ತೋರಿದ ಹಿರಿಯರನ್ನು ನೆನೆಯುವುದು ನಮ್ಮ ಕರ್ತವ್ಯವೆಂದು ಭಾವಿಸಿದ್ದೇವೆ. ಈ ಲೇಖನಕ್ಕಾಗಿ ನಾವು ಆರಿಸಿಕೊಂಡಿರುವುದು ಶ್ರೀಮತಿ ಕಮಲಾದೇವಿ ಚಟ್ಟೋಪಾಧ್ಯಾಯ ಅವರ ಜೀವನವನ್ನು. ಅವರು ಯಾವ ಶಾಲೆಯಲ್ಲಿಯೂ ಉಪಾಧ್ಯಾಯಿನಿಯಾಗಿ ನಿಂತು ಪಾಠ ಹೇಳಿದವರಲ್ಲ. ಆದರೂ ಊರೂರು ತಿರುಗಿ, ಹೊಲಿಯುವ, ನೇಯುವ, ಬಣ್ಣ ಹಾಕುವ, ಮಡಕೆ ಮಾಡುವ ಕೈಗಳಿಂದ ತಾವು ಕಲಿತು, ಆ ಕೈಗಳ ಬೆಲೆಯೇನೆಂಬುದನ್ನು ದೇಶಕ್ಕೆ ಕಲಿಸಿದವರು.

ಗುಡಿಬಂಡೆ, ಮಡಕಶಿರಾ, ರಾಯದುರ್ಗದ ಸೀಮೆಯಲ್ಲಿ ಬೆಳೆದವರಿಗೆ ಕೌದಿಯ ಪರಿಚಯ ಮಾಡಿಕೊಡಬೇಕಾಗಿಲ್ಲ. ಹರಿದ ಸೀರೆ, ಹಳೆಯ ಪಂಚೆ, ಮಕ್ಕಳಿಗೆ ಚಿಕ್ಕದಾದ ಅಂಗಿ, ಎಲ್ಲವನ್ನೂ ಪದರಪದರವಾಗಿ ಹಾಸಿ, ಅಂಚಿನಿಂದ ಅಂಚಿಗೆ ಸಾಲುಸಾಲಾಗಿ ದಾರವೋಡಿಸಿ ನಮ್ಮ ಅಜ್ಜಿಯರು ಹೊಲಿದ ಕೌದಿಗಳನ್ನು ಹೊದ್ದು ಮಲಗಿದವರೇ ಈ ಶಾಲೆಯ ಅಂಗಳಕ್ಕೆ ಬಂದರು. ಆ ಹೊಲಿಗೆಯನ್ನು ಯಾರೂ ವಿದ್ಯೆಯೆಂದು ಕರೆಯಲಿಲ್ಲ. ಅದನ್ನು ಹೊಲಿದವಳು ತನ್ನ ಹೆಸರನ್ನು ಅದರ ಮೇಲೆ ಬರೆಯಲೂ ಇಲ್ಲ. ಇಂತಹ ಹೆಸರಿಲ್ಲದ ಕೈಗಳಿಗೆ ಗೌರವವನ್ನೂ ಕೂಲಿಯನ್ನೂ ದೊರಕಿಸಿಕೊಡುವುದಕ್ಕಾಗಿ ಕಮಲಾದೇವಿಯವರು ತಮ್ಮ ಬಾಳಿನ ಉತ್ತರಾರ್ಧವನ್ನೆಲ್ಲ ಮೀಸಲಿಟ್ಟರು.

ಅವರು ಹುಟ್ಟಿದ್ದು 1903ರ ಏಪ್ರಿಲ್ 3ರಂದು, ಮಂಗಳೂರಿನಲ್ಲಿ. ಮನೆಮಾತು ಕೊಂಕಣಿ. ತಂದೆ ಅನಂತಯ್ಯ ಧಾರೇಶ್ವರ ಅವರು ಸರ್ಕಾರದ ಉನ್ನತ ಅಧಿಕಾರಿಗಳು. ತಾಯಿ ಗಿರಿಜಾಬಾಯಿಯವರು ಓದುಬಲ್ಲ, ಸ್ವತಂತ್ರವಾಗಿ ಯೋಚಿಸಬಲ್ಲ ಮಹಿಳೆ. ಬಾಲಕಿಗೆ ಏಳು ವರ್ಷವಾಗಿದ್ದಾಗ ತಂದೆ ತೀರಿಕೊಂಡರು. ಅವರು ಉಯಿಲು ಬರೆದಿಟ್ಟಿರಲಿಲ್ಲವಾದ್ದರಿಂದ ಅಂದಿನ ಕಾನೂನಿನಂತೆ ಆಸ್ತಿಯೆಲ್ಲವೂ ಮೊದಲ ಮದುವೆಯ ಮಗನಿಗೆ ಸೇರಿತು. ತಾಯಿಗೆ ಗೊತ್ತುಮಾಡಿದ ಮಾಸಿಕ ಜೀವನಾಂಶವನ್ನು ಆ ಸ್ವಾಭಿಮಾನಿ ಒಪ್ಪಿಕೊಳ್ಳಲಿಲ್ಲ. ತಮಗೆ ತವರಿನಿಂದ ಬಂದುದರಲ್ಲಿಯೇ ಮಗಳನ್ನು ಬೆಳೆಸಿದರು. ದುಡಿಮೆಯ ಹಕ್ಕಿಲ್ಲದ, ಆಸ್ತಿಯ ಹಕ್ಕಿಲ್ಲದ ಹೆಣ್ಣಿನ ಸ್ಥಿತಿ ಎಂತಹದೆಂಬುದನ್ನು ಕಮಲಾದೇವಿಯವರು ಪುಸ್ತಕದಿಂದ ಕಲಿಯಬೇಕಾಗಿರಲಿಲ್ಲ.

ಹದಿನಾಲ್ಕನೆಯ ವಯಸ್ಸಿಗೆ, 1917ರಲ್ಲಿ, ಅವರಿಗೆ ಮದುವೆಯಾಯಿತು. ಎರಡು ವರ್ಷ ಕಳೆಯುವಷ್ಟರಲ್ಲಿ ಪತಿ ತೀರಿಕೊಂಡರು. ಆ ಕಾಲದಲ್ಲಿ ಬಾಲವಿಧವೆಗೆ ಕಾದಿರುತ್ತಿದ್ದ ಕತ್ತಲಕೋಣೆಗೆ ಅವರು ಹೋಗಲಿಲ್ಲ. ಓದು ಮುಂದುವರಿಯಿತು, ಮದರಾಸಿನ ಕ್ವೀನ್ ಮೇರಿ ಕಾಲೇಜನ್ನು ಸೇರಿದರು. ಅಲ್ಲಿ ಸರೋಜಿನಿ ನಾಯ್ಡು ಅವರ ಮನೆತನದ ಪರಿಚಯವಾಗಿ, ಅವರ ತಮ್ಮ, ಕವಿ ಹರೀಂದ್ರನಾಥ ಚಟ್ಟೋಪಾಧ್ಯಾಯರನ್ನು ವಿವಾಹವಾದರು. ವಿಧವೆಯ ಮರುಮದುವೆ, ಅದರಲ್ಲಿಯೂ ಬೇರೆ ನಾಡಿನ, ಬೇರೆ ಭಾಷೆಯ ವರನೊಡನೆ ಎಂದರೆ ಎಷ್ಟು ಮಾತುಗಳು ಎದ್ದಿರಬಹುದೆಂಬುದನ್ನು ಓದುಗರು ಊಹಿಸಬಲ್ಲರು. ದಂಪತಿಗಳು ಇಂಗ್ಲೆಂಡಿಗೆ ತೆರಳಿದರು. ಕಮಲಾದೇವಿಯವರು ಲಂಡನ್ನಿನ ಬೆಡ್‌ಫರ್ಡ್ ಕಾಲೇಜಿನಲ್ಲಿ ಸಮಾಜಶಾಸ್ತ್ರವನ್ನು ಅಭ್ಯಾಸ ಮಾಡಿದರು. ಗಾಂಧೀಜಿಯವರ ಕರೆ ಅಲ್ಲಿಗೂ ಮುಟ್ಟಿತು. ಸ್ವದೇಶಕ್ಕೆ ಮರಳಿ ಸೇವಾದಳವನ್ನು ಸೇರಿದರು. ಮುಂದೆ ಈ ದಾಂಪತ್ಯವೂ ವಿಚ್ಛೇದನದಲ್ಲಿ ಕೊನೆಗೊಂಡಿತು. ಮಗನನ್ನು ಸಾಕುತ್ತ ಅವರು ತಮ್ಮ ದಾರಿಯಲ್ಲಿ ನಡೆದರು.

1926ರಲ್ಲಿ ಅವರು ಮದ್ರಾಸ್ ಪ್ರಾಂತದ ಶಾಸನ ಪರಿಷತ್ತಿಗೆ ಉಮೇದುವಾರರಾಗಿ ನಿಂತರು. ಭಾರತದಲ್ಲಿ ಶಾಸನಸಭೆಯ ಸ್ಥಾನಕ್ಕೆ ಸ್ಪರ್ಧಿಸಿದ ಮೊದಲ ಮಹಿಳೆಯೆಂಬ ಕೀರ್ತಿ ಅವರದು. ಆಗ ದಕ್ಷಿಣ ಕನ್ನಡವೂ ನಮ್ಮ ಅನಂತಪುರ ಜಿಲ್ಲೆಯೂ ಅದೇ ಮದ್ರಾಸ್ ಪ್ರಾಂತಕ್ಕೆ ಸೇರಿದ್ದವೆಂಬುದನ್ನು ಇಲ್ಲಿ ನೆನೆಯಬಹುದು. ಅತ್ಯಲ್ಪ ಮತಗಳ ಅಂತರದಿಂದ ಅವರು ಸೋತರು. ಮರುವರ್ಷ ಸ್ಥಾಪನೆಯಾದ ಅಖಿಲ ಭಾರತ ಮಹಿಳಾ ಪರಿಷತ್ತಿನ ಸಂಘಟನಾ ಕಾರ್ಯದರ್ಶಿಯಾಗಿ ದೇಶವನ್ನು ಸುತ್ತತೊಡಗಿದರು. ಅಂದು ಆರಂಭವಾದ ಸಂಚಾರವು ಅರುವತ್ತು ವರ್ಷಗಳ ಕಾಲ ನಿಲ್ಲಲಿಲ್ಲ.

ಆ ಸಂಚಾರದಲ್ಲಿ ಸುಖಕ್ಕಿಂತ ಅಡ್ಡಿಗಳೇ ಹೆಚ್ಚು. 1929ರಲ್ಲಿ ಬರ್ಲಿನ್ ನಗರದಲ್ಲಿ ಅಂತರರಾಷ್ಟ್ರೀಯ ಮಹಿಳಾ ಸಮ್ಮೇಳನ ನಡೆಯಿತು. ಎಲ್ಲ ದೇಶಗಳ ಧ್ವಜಗಳೂ ಹಾರುತ್ತಿದ್ದಲ್ಲಿ ಭಾರತಕ್ಕೆ ತನ್ನದೆನ್ನುವ ಧ್ವಜವಿರಲಿಲ್ಲ. ಆಳುವವರ ಬಾವುಟದ ಕೆಳಗೆ ನಿಲ್ಲಲು ನಮ್ಮ ಪ್ರತಿನಿಧಿಗಳಿಗೆ ಮನಸ್ಸು ಬರಲಿಲ್ಲ. ಅವರು ತಮ್ಮ ಸೀರೆಗಳಿಂದಲೇ ಬಣ್ಣಬಣ್ಣದ ಪಟ್ಟಿಗಳನ್ನು ಹರಿದು ಜೋಡಿಸಿ ತ್ರಿವರ್ಣ ಧ್ವಜವನ್ನು ಸಿದ್ಧಪಡಿಸಿದರು. ಹಳೆಯ ಸೀರೆಗಳನ್ನು ಕೂಡಿಸಿ ಕೌದಿ ಹೊಲಿಯುವ ನಾಡಿನ ಹೆಣ್ಣುಮಕ್ಕಳಿಗೆ ಆ ಕೆಲಸ ಹೊಸದಾಗಿರಲಿಲ್ಲ.

ಮರುವರ್ಷ ಉಪ್ಪಿನ ಸತ್ಯಾಗ್ರಹ ಬಂದಿತು. ದಂಡಿಯ ಯಾತ್ರೆಯಲ್ಲಿ ಹೆಂಗಸರಿಗೆ ಅವಕಾಶವಿಲ್ಲವೆಂದು ತಿಳಿದಾಗ ಕಮಲಾದೇವಿಯವರು ಗಾಂಧೀಜಿಯವರನ್ನು ಕಂಡು ವಾದಿಸಿ, ಸತ್ಯಾಗ್ರಹದಲ್ಲಿ ಮಹಿಳೆಯರೂ ಭಾಗವಹಿಸಬಹುದೆಂಬ ಒಪ್ಪಿಗೆಯನ್ನು ಪಡೆದರು. ಮುಂಬಯಿಯ ಷೇರುಪೇಟೆಗೇ ನುಗ್ಗಿ ಉಪ್ಪಿನ ಪೊಟ್ಟಣಗಳನ್ನು ಮಾರಿದರು, ಸೆರೆಮನೆಗೆ ಹೋದರು. ಮುಂದೆ ಮತ್ತೆ ಮತ್ತೆ ಸೆರೆವಾಸ ಒದಗಿತು. ಈ ನಡುವೆ ಕನ್ನಡದ ಮೊದಲ ಮೂಕಿಚಿತ್ರವೆಂದು ಹೆಸರಾದ, ಶೂದ್ರಕನ ನಾಟಕವನ್ನು ಆಧರಿಸಿದ ಚಿತ್ರದಲ್ಲಿ ಅಭಿನಯಿಸಿದರು. ಕುಲೀನ ಮನೆತನದ ಹೆಂಗಸರು ರಂಗವನ್ನೇರಲು ಹಿಂಜರಿಯುತ್ತಿದ್ದ ದಿನಗಳವು.

1939ರಲ್ಲಿ ಎರಡನೆಯ ಮಹಾಯುದ್ಧ ಆರಂಭವಾದಾಗ ಅವರು ವಿದೇಶದಲ್ಲಿದ್ದರು. ಅಲ್ಲಿಂದ ಅಮೆರಿಕಕ್ಕೆ ತೆರಳಿ, ಒಂದು ವರ್ಷಕ್ಕೂ ಮೀರಿ ಆ ದೇಶವನ್ನು ಸುತ್ತಿ, ಭಾರತದ ಸ್ವಾತಂತ್ರ್ಯದ ಪರವಾಗಿ ಭಾಷಣ ಮಾಡಿದರು. ದಕ್ಷಿಣದ ರಾಜ್ಯಗಳಲ್ಲಿ ರೈಲಿನಲ್ಲಿ ಹೋಗುತ್ತಿರುವಾಗ ಟಿಕೆಟ್ ತಪಾಸಣೆಯವನು ಬಂದು, ಬಿಳಿಯರ ಡಬ್ಬಿಯನ್ನು ಬಿಟ್ಟು ಕರಿಯರ ಡಬ್ಬಿಗೆ ಹೋಗುವಂತೆ ಆಜ್ಞೆ ಮಾಡಿದನು. ಅವರು ಕದಲಲಿಲ್ಲ. ಆತ ಮತ್ತೆ ಬಂದು ಯಾವ ದೇಶದವರೆಂದು ವಿಚಾರಿಸಿದನು. ತಾವು ವಿದೇಶೀಯರೆಂದು ಹೇಳಿಬಿಟ್ಟಿದ್ದರೆ ವಿನಾಯಿತಿ ದೊರೆಯಬಹುದಾಗಿತ್ತು. ಅವರಾದರೋ ತಾವು ಬಣ್ಣದ ಜನರಿಗೇ ಸೇರಿದವರೆಂದೂ, ಆದರೂ ಜಾಗ ಬಿಟ್ಟು ಏಳುವುದಿಲ್ಲವೆಂದೂ ಸ್ಪಷ್ಟಪಡಿಸಿದರು. ಆತ ಹಿಂದಿರುಗಿದನು. ಒಬ್ಬರಿಗೆ ಮಾತ್ರ ಸಿಗುವ ರಿಯಾಯಿತಿಯನ್ನು ಮಾನವೆಂದು ಕರೆಯಲಾಗದೆಂಬ ಈ ನಿಲುವೇ ಅವರ ಮುಂದಿನ ಕಾರ್ಯಕ್ಕೂ ತಳಹದಿಯಾಯಿತು. ಜಪಾನ್, ಚೀನಾಗಳ ಮೂಲಕ ಅವರು ಭಾರತಕ್ಕೆ ಮರಳಿದರು. 1942ರ ಚಳವಳಿಯಲ್ಲಿ ಮತ್ತೊಮ್ಮೆ ಸೆರೆಮನೆಯ ಬಾಗಿಲು ತೆರೆಯಿತು.

ಸ್ವಾತಂತ್ರ್ಯ ಬಂದ ಮೇಲೆ ಅಧಿಕಾರದ ದಾರಿ ಅವರಿಗೆ ಸುಗಮವಾಗಿತ್ತು. ಅವರು ಅದನ್ನು ಬಯಸಲಿಲ್ಲ. ದೇಶ ವಿಭಜನೆಯಾಗಿ ನಿರಾಶ್ರಿತರು ದೆಹಲಿಗೆ ಹರಿದು ಬರುತ್ತಿದ್ದರು. 1948ರಲ್ಲಿ ಭಾರತೀಯ ಸಹಕಾರ ಸಂಘವನ್ನು ಸ್ಥಾಪಿಸಿ, ಮೊದಲು ದೆಹಲಿಯ ಬಳಿಯ ಛತ್ತರ್‌ಪುರದಲ್ಲಿ, ಬಳಿಕ ಫರೀದಾಬಾದಿನಲ್ಲಿ ಅವರಿಗೆ ನೆಲೆಯೊದಗಿಸಲು ದುಡಿದರು. ವಾಯವ್ಯ ಸರಹದ್ದಿನಿಂದ ಬಂದ ಹತ್ತಾರು ಸಾವಿರ ಜನರು ಫರೀದಾಬಾದಿನಲ್ಲಿ ತಮ್ಮ ಕೈಯಿಂದಲೇ ಊರು ಕಟ್ಟಿಕೊಂಡರು. ದಾನದ ಅನ್ನ ಮನುಷ್ಯನನ್ನು ಕುಗ್ಗಿಸುತ್ತದೆ, ಕಲಿತ ಕಸುಬು ಅವನನ್ನು ಎತ್ತಿ ನಿಲ್ಲಿಸುತ್ತದೆ ಎಂಬುದು ಅಲ್ಲಿ ಕಣ್ಣಮುಂದೆ ನಡೆದು ಕಾಣಿಸಿತು.

1952ರಲ್ಲಿ ಅಖಿಲ ಭಾರತ ಕರಕುಶಲ ಮಂಡಳಿ ರಚನೆಯಾದಾಗ ಅವರು ಅದರ ಅಧ್ಯಕ್ಷರಾದರು. ಇಲ್ಲಿಂದ ಅವರ ಬಾಳಿನ ಮಹತ್ವದ ಅಧ್ಯಾಯ ತೊಡಗುತ್ತದೆ. ಯಾವ ಊರಿನಲ್ಲಿ ಯಾವ ಕಸುಬು ಉಳಿದಿದೆ, ಎಷ್ಟು ಮನೆಗಳಲ್ಲಿ ಉಳಿದಿದೆ, ಅದನ್ನು ಬಲ್ಲವರು ಯಾರು ಎಂಬುದರ ಲೆಕ್ಕ ಆಗ ಸರಿಯಾಗಿ ಯಾರ ಬಳಿಯಲ್ಲಿಯೂ ಇರಲಿಲ್ಲ. ಕುಶಲಕರ್ಮಿಗಳಿದ್ದ ಎಷ್ಟೋ ಹಳ್ಳಿಗಳಿಗೆ ಪಕ್ಕಾ ರಸ್ತೆಯಿರಲಿಲ್ಲ. ದಾರಿಯ ಕಷ್ಟವನ್ನಾದರೂ ಸಹಿಸಬಹುದು. ಹುಡುಕಿಕೊಂಡು ಹೋದಲ್ಲಿ ಮಗ್ಗ ಮೂಲೆ ಸೇರಿರುವುದು, ಕೊನೆಯ ಗುರುವಿಗೆ ಶಿಷ್ಯರಿಲ್ಲದಿರುವುದು, ಅವನ ಮಕ್ಕಳೇ ಕೂಲಿಗೆ ಹೋಗಿರುವುದು, ಇವೇ ಈ ಸಂಚಾರದ ನಿಜವಾದ ಸಂಕಟಗಳು. ಗಿರಣಿಯ ಅಗ್ಗದ ಬಟ್ಟೆ, ಪೋಷಿಸುತ್ತಿದ್ದ ಸಂಸ್ಥಾನಗಳ ಅವಸಾನ, ನಡುವಣ ದಲ್ಲಾಳಿಗಳ ಹಿಡಿತ, ಈ ಮೂರೂ ಸೇರಿ ಶತಮಾನಗಳ ವಿದ್ಯೆಯನ್ನು ಒಂದೆರಡು ತಲೆಮಾರುಗಳಲ್ಲಿ ಅಳಿಸತೊಡಗಿದ್ದವು.

ನಮ್ಮ ರಾಜ್ಯದ ಶ್ರೀಕಾಳಹಸ್ತಿಯ ಕಲಂಕಾರಿಯನ್ನೇ ಉದಾಹರಣೆಯಾಗಿ ನೋಡೋಣ. ಬಟ್ಟೆಯನ್ನು ಅಳಲೆಕಾಯಿ ಮತ್ತು ಹಾಲಿನಲ್ಲಿ ನೆನೆಸಿ ಒಣಗಿಸಬೇಕು. ಕಬ್ಬಿಣದ ಚೂರು ಮತ್ತು ಬೆಲ್ಲವನ್ನು ನೀರಿನಲ್ಲಿ ಹುಳಿಯಿಸಿ ಕಪ್ಪುಬಣ್ಣವನ್ನು ಪಡೆಯಬೇಕು. ಬಿದಿರಿನ ಲೇಖನಿಯಿಂದ ರೇಖೆಗಳನ್ನೆಳೆದು, ಒಂದೊಂದು ಬಣ್ಣಕ್ಕೂ ಮತ್ತೆ ಮತ್ತೆ ಅದ್ದಿ, ಕುದಿಸಿ, ಸ್ವರ್ಣಮುಖಿ ನದಿಯ ಹರಿಯುವ ನೀರಿನಲ್ಲಿ ತೊಳೆಯಬೇಕು. ಇಷ್ಟೆಲ್ಲ ಬಲ್ಲವರು ಬೆರಳೆಣಿಕೆಗೆ ಇಳಿದಿದ್ದರು. ಕಮಲಾದೇವಿಯವರ ಆಸಕ್ತಿಯಿಂದ 1950ರ ದಶಕದಲ್ಲಿ ಅಲ್ಲಿ ತರಬೇತಿ ಕೇಂದ್ರವೊಂದು ಆರಂಭವಾಯಿತು. ಬಲ್ಲ ಹಿರಿಯರು ಗುರುಗಳಾದರು, ಕಲಿಯುವ ಹುಡುಗರಿಗೆ ವಿದ್ಯಾರ್ಥಿವೇತನ ದೊರೆಯಿತು. ಇಂದು ಶ್ರೀಕಾಳಹಸ್ತಿಯ ಬೀದಿಗಳಲ್ಲಿ ಕಲಂಕಾರಿ ಉಳಿದಿದ್ದರೆ ಅದರ ಹಿಂದೆ ಆ ಚಿಕ್ಕ ಶಾಲೆಯಿದೆ.

ಕನ್ನಡನಾಡಿನ ಕಸೂತಿಯದೂ ಇಂತಹದೇ ವಿದ್ಯೆ. ಧಾರವಾಡ ಸೀಮೆಯ ಹೆಂಗಸರು ಇಳಕಲ್ ಸೀರೆಯ ಮೇಲೆ ನಕ್ಷೆಯನ್ನು ಬರೆದುಕೊಳ್ಳದೆ, ಬಟ್ಟೆಯ ಎಳೆಗಳನ್ನೇ ಎಣಿಸಿ ಗೋಪುರ, ತೇರು, ತುಳಸಿಕಟ್ಟೆ, ನವಿಲುಗಳನ್ನು ಮೂಡಿಸುತ್ತಾರೆ. ಗವಂತಿ, ಮುರಗಿ, ನೇಗಿ, ಮೆಂತಿ ಎಂಬ ನಾಲ್ಕು ಬಗೆಯ ಹೊಲಿಗೆಗಳು. ಎಲ್ಲಿಯೂ ಗಂಟಿಲ್ಲ, ಗವಂತಿ ಮತ್ತು ಮುರಗಿಯಲ್ಲಿ ಬಟ್ಟೆಯ ಎರಡು ಬದಿಯೂ ಒಂದೇ ಸಮನಾಗಿ ಕಾಣುತ್ತದೆ. ಒಂದು ಎಳೆ ತಪ್ಪಿದರೂ ತೇರು ಸೊಟ್ಟಗಾಗುವ ಈ ಕೆಲಸದಲ್ಲಿ ಎಷ್ಟು ಗಣಿತವಿದೆಯೆಂಬುದನ್ನು ನಮ್ಮ ಗಣಿತದ ಶಿಕ್ಷಕರು ಬಲ್ಲರು. ಇಂತಹ ಕೈಕೆಲಸಗಳನ್ನು ಕಮಲಾದೇವಿಯವರು ಹೊತ್ತು ಕಳೆಯುವ ಹವ್ಯಾಸವೆಂದು ಕಾಣಲಿಲ್ಲ. ಭಾರತದ ಕಸೂತಿ, ಕರಕುಶಲ ಕಲೆ, ನೆಲಹಾಸುಗಳನ್ನು ಕುರಿತು ಅವರು ಗ್ರಂಥಗಳನ್ನು ಬರೆದರು.

ಬರೆಯುವುದರಿಂದಲೇ ಹೊಟ್ಟೆ ತುಂಬುವುದಿಲ್ಲವೆಂಬುದು ಅವರಿಗೆ ತಿಳಿದಿತ್ತು. ಮಾರಾಟಕ್ಕೆ ಮಳಿಗೆ ಬೇಕು. ದೆಹಲಿಯ ಕೇಂದ್ರ ಗೃಹ ಕೈಗಾರಿಕಾ ಮಳಿಗೆಯನ್ನು ಸಹಕಾರ ಸಂಘವು ವಹಿಸಿಕೊಂಡು ಬೆಳೆಸಿತು. ಬೆಂಗಳೂರೂ ಸೇರಿದಂತೆ ನಾಲ್ಕು ನಗರಗಳಲ್ಲಿ ವಿನ್ಯಾಸ ಕೇಂದ್ರಗಳು ಬಂದವು. ಶ್ರೇಷ್ಠ ಕುಶಲಕರ್ಮಿಗಳಿಗೆ 1965ರಿಂದ ರಾಷ್ಟ್ರಪ್ರಶಸ್ತಿ ನೀಡುವ ಪದ್ಧತಿ ಆರಂಭವಾಯಿತು. ಕುಂಬಾರನೂ ನೇಕಾರನೂ ತನ್ನ ಹೆಸರಿನಿಂದಲೇ ಕರೆಸಿಕೊಂಡು ರಾಜಧಾನಿಯ ವೇದಿಕೆಯನ್ನೇರಿದನು. 1964ರಲ್ಲಿ ಭಾರತದ ಕರಕುಶಲ ಪರಿಷತ್ತು ಹುಟ್ಟಿತು. ಅದೇ ವರ್ಷ ನ್ಯೂಯಾರ್ಕಿನಲ್ಲಿ ವಿಶ್ವ ಕರಕುಶಲ ಪರಿಷತ್ತು ಸ್ಥಾಪನೆಯಾದಾಗ ಅದರ ಸ್ಥಾಪಕರಲ್ಲಿ ಕಮಲಾದೇವಿಯವರೂ ಒಬ್ಬರು. ಹಿಂದೊಮ್ಮೆ ತಮ್ಮನ್ನು ರೈಲಿನ ಆಸನದಿಂದ ಎಬ್ಬಿಸಲು ನೋಡಿದ ದೇಶಕ್ಕೆ ಈಗ ಅವರು ಜಗತ್ತಿನ ಕುಶಲಕರ್ಮಿಗಳ ಪ್ರತಿನಿಧಿಯಾಗಿ ಹೋದರು.

ಗೌರವಗಳು ತಾವಾಗಿ ಬಂದವು. 1955ರಲ್ಲಿ ಪದ್ಮಭೂಷಣ, 1966ರಲ್ಲಿ ರಮೋನ್ ಮ್ಯಾಗ್ಸೆಸೆ ಪ್ರಶಸ್ತಿ, 1987ರಲ್ಲಿ ಪದ್ಮವಿಭೂಷಣ. 1986ರಲ್ಲಿ ತಮ್ಮ ನೆನಪುಗಳ ಗ್ರಂಥವನ್ನು ಪ್ರಕಟಿಸಿದರು. 1988ರ ಅಕ್ಟೋಬರ್ 29ರಂದು ಮುಂಬಯಿಯಲ್ಲಿ, ಎಂಬತ್ತೈದನೆಯ ವಯಸ್ಸಿನಲ್ಲಿ, ಅವರ ಸಂಚಾರ ಮುಗಿಯಿತು.

ಅವರ ಬಾಳಿನಿಂದ ನಮ್ಮ ಶಾಲೆ ಕಲಿಯಬೇಕಾದುದೇನು? ನಮ್ಮ ವಿದ್ಯಾರ್ಥಿಗಳಲ್ಲಿ ಬಹುಪಾಲು ಮಂದಿ ಕೈಯಿಂದ ದುಡಿಯುವ ಮನೆಗಳಿಂದ ಬಂದವರು. ಕಂಬಳಿ ನೇಯುವವರ, ಹೊಲ ಉಳುವವರ, ರಾಯದುರ್ಗದಲ್ಲಿ ಜೀನ್ಸ್ ಬಟ್ಟೆ ಹೊಲಿಯುವವರ ಮಕ್ಕಳು. ಓದಿದ ಮಗ ತಂದೆಯ ಕಸುಬನ್ನು ಹೇಳಿಕೊಳ್ಳಲು ನಾಚುವಂತಾದರೆ ಶಾಲೆ ಅವನಿಗೆ ಅಕ್ಷರವನ್ನು ಕೊಟ್ಟು ಮತ್ತೇನನ್ನೋ ಕಿತ್ತುಕೊಂಡಂತಾಯಿತು. ಮಕ್ಕಳು ಕಸುಬಿನಲ್ಲಿಯೇ ಉಳಿಯಲಿ ಎಂಬುದು ನಮ್ಮ ಮಾತಿನ ಅರ್ಥವಲ್ಲ. ಬೇರೆ ದಾರಿ ಹಿಡಿಯುವ ಹಕ್ಕು ಎಲ್ಲರಿಗೂ ಇದೆ. ಕಮಲಾದೇವಿಯವರೇ ಆ ಹಕ್ಕಿಗಾಗಿ ಹೋರಾಡಿದವರು. ಆದರೆ ಬಿಟ್ಟು ಹೋಗುವ ವಿದ್ಯೆಯ ಬೆಲೆ ತಿಳಿದಿರಲಿ ಎಂಬುದಷ್ಟೇ ನಮ್ಮ ಆಶಯ.

ಲೇಪಾಕ್ಷಿಯ ಗುಡಿಯ ಮಾಳಿಗೆಯ ಚಿತ್ರಗಳಲ್ಲಿರುವ ಸೀರೆಯ ವಿನ್ಯಾಸಗಳನ್ನು ನೇಕಾರರು ಇಂದಿಗೂ ಅನುಸರಿಸುತ್ತಾರೆ. ನಮ್ಮ ರಾಜ್ಯದ ಕರಕುಶಲ ಮಳಿಗೆಗಳಿಗೂ ಲೇಪಾಕ್ಷಿಯೆಂದೇ ಹೆಸರು. ಹೀಗೆ ಹೆಸರಾದ ನೆಲ ನಮ್ಮ ಪಕ್ಕದಲ್ಲಿಯೇ ಇದೆ. ಭಾಷೆಯೂ ಕಸುಬಿನಂತೆಯೇ, ಒಂದು ತಲೆಮಾರು ಕೈಬಿಟ್ಟರೆ ಮುಂದಿನವರಿಗೆ ಅದನ್ನು ಕಲಿಸುವವರೇ ಇಲ್ಲ. ತೆಲುಗು ನಾಡಿನಲ್ಲಿ ನಿಂತು ನೂರು ವರ್ಷ ಕನ್ನಡವನ್ನು ಕಲಿಸಿದ ಶಾಲೆಗೆ ಈ ಸತ್ಯವನ್ನು ವಿವರಿಸಬೇಕಾಗಿಲ್ಲ. ಶತಮಾನೋತ್ಸವದ ನೆನಪಿಗಾಗಿ ಪ್ರತಿಯೊಬ್ಬ ವಿದ್ಯಾರ್ಥಿಯೂ ತನ್ನ ಮನೆಯ ಹಿರಿಯರಲ್ಲಿ ಒಬ್ಬರ ಕೈಕೆಲಸವನ್ನು ಕೇಳಿ ತಿಳಿದು, ಅದಕ್ಕೆ ಬಳಸುವ ಕನ್ನಡದ ಪದಗಳೊಡನೆ ಬರೆದಿಡಲಿ. ಹೊಲಿದವರ, ನೇಯ್ದವರ ಹೆಸರನ್ನೂ ಮರೆಯದೆ ಬರೆಯಲಿ. ಕಮಲಾದೇವಿಯವರಿಗೆ ನಾವು ಸಲ್ಲಿಸಬಹುದಾದ ಗೌರವ ಇದಕ್ಕಿಂತ ಬೇರೆಯಿಲ್ಲ.