ಭಯದ ನಡುವೆ ಬೆಳೆದು ‘ಮುಕ್ತಿ’ ಕಟ್ಟಿದ ಪಂಡಿತಾ ರಮಾಬಾಯಿ

ಅಹ್ಮದಾಬಾದ್, ವಡೋದರಾ, ಸೂರತ್‌ಗಳಲ್ಲಿ ನೆಲೆಸಿರುವ ಕರಾವಳಿ ಕನ್ನಡಿಗರಿಗೆ ಕಾರ್ಕಳದ ಮಾಳ ಹೊಸ ಹೆಸರಲ್ಲ. ಆದರೆ ಆ ಊರಿನ ಮನೆತನದ ಮಗಳೊಬ್ಬರು 1900ರ ಬರಗಾಲದಲ್ಲಿ ಇದೇ ಗುಜರಾತಿನ ನೂರಾರು ಅನಾಥ ಹೆಣ್ಣುಮಕ್ಕಳಿಗೆ ಅನ್ನ, ಆಸರೆ ನೀಡಿದ್ದರು ಎಂಬುದು ಇಲ್ಲಿನ ಹೆಚ್ಚಿನವರಿಗೆ ತಿಳಿದಿಲ್ಲ. ಅವರೇ ಪಂಡಿತಾ ರಮಾಬಾಯಿ.

ತಂದೆ ಅನಂತಶಾಸ್ತ್ರಿ ಡೋಂಗ್ರೆ ಸಂಸ್ಕೃತ ವಿದ್ವಾಂಸರು. ಪತ್ನಿ ಲಕ್ಷ್ಮೀಬಾಯಿಗೆ ಸಂಸ್ಕೃತ ಕಲಿಸಿದ್ದೇ ಅಪರಾಧವಾಗಿ, ಉಡುಪಿಯಲ್ಲಿ ಪಂಡಿತರ ಮುಂದೆ ಶಾಸ್ತ್ರಾಧಾರ ಕೊಟ್ಟು ಸಮರ್ಥಿಸಿಕೊಳ್ಳಬೇಕಾಯಿತು. ಬಳಿಕ ಅವರು ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ ಮನೆ ಮಾಡಿದರು. ಅಲ್ಲಿನ ಮೊದಲ ರಾತ್ರಿ ಹುಲಿಯ ಘರ್ಜನೆ ಕೇಳಿ ಬಾಲವಧು ಲಕ್ಷ್ಮೀಬಾಯಿ ಹೊದಿಕೆಯೊಳಗೆ ಮುದುಡಿ ಬೆಳಗಿನವರೆಗೆ ನಡುಗಿದ್ದರಂತೆ. ರಮಾಬಾಯಿ ಹುಟ್ಟಿದ್ದು ಅದೇ ಕಾಡಿನಲ್ಲಿ, 1858ರ ಏಪ್ರಿಲ್ 23ರಂದು.

ಆರು ತಿಂಗಳ ಕೂಸು ಬೆತ್ತದ ಬುಟ್ಟಿಯಲ್ಲಿ ಆಳಿನ ತಲೆಯ ಮೇಲೆ ಕುಳಿತು ಊರು ಬಿಟ್ಟಿತು. ಮುಂದೆ ಬಾಲ್ಯವೆಲ್ಲ ತೀರ್ಥಯಾತ್ರೆ, ಪುರಾಣ ವಾಚನ. ತಾಯಿಯೇ ಗುರು. 1870ರ ದಶಕದ ದಕ್ಷಿಣದ ಬರಗಾಲದಲ್ಲಿ ಕೈಯಲ್ಲಿದ್ದುದೆಲ್ಲ ಕರಗಿತು. ಹನ್ನೊಂದು ದಿನ ಕಾಡಿನಲ್ಲಿ ನೀರು, ಎಲೆಗಳನ್ನೇ ನಂಬಿ ಕಳೆದ ಕುಟುಂಬವದು. ತಂದೆ, ಬಳಿಕ ತಾಯಿ ತೀರಿಕೊಂಡರು. ತಾಯಿಯ ಚಟ್ಟಕ್ಕೆ ಹೆಗಲು ಕೊಡುವವರು ಸಾಲದೆ ಮಗಳೇ ಕೈಜೋಡಿಸಬೇಕಾಯಿತು. ಎತ್ತರ ಸಾಲದ್ದರಿಂದ ಹೆಗಲ ಬದಲು ತಲೆಯ ಮೇಲೆ ಹೊತ್ತರು. ಅಕ್ಕನೂ ಹೋದ ಮೇಲೆ ಅಣ್ಣ ಶ್ರೀನಿವಾಸನೊಂದಿಗೆ ಉತ್ತರಕ್ಕೆ ನಡೆದರು. ಝೇಲಂ ನದಿ ದಂಡೆಯ ಚಳಿಗೆ ಇಬ್ಬರೂ ಮರಳಲ್ಲಿ ಗುಂಡಿ ತೋಡಿ, ಮೈಮೇಲೆ ಮರಳೆಳೆದುಕೊಂಡು ಮಲಗಿದ ರಾತ್ರಿಗಳೂ ಇದ್ದವು.

1878ರಲ್ಲಿ ಕಲ್ಕತ್ತಾದ ವಿದ್ವಾಂಸರು ಅವರಿಗೆ ಪಂಡಿತಾ, ಸರಸ್ವತಿ ಎಂಬ ಬಿರುದು ನೀಡಿದರು. ಸನ್ಮಾನ ಬಂದರೂ ಸಾವು ಬೆನ್ನು ಬಿಡಲಿಲ್ಲ. 1880ರಲ್ಲಿ ಅಣ್ಣ ತೀರಿಕೊಂಡರು. ಅದೇ ವರ್ಷ ಬಂಗಾಳದ ವಕೀಲ ಬಿಪಿನ್ ಬಿಹಾರಿ ದಾಸ್ ಮೇಧಾವಿ ಅವರನ್ನು ಜಾತಿ ಮೀರಿ ಮದುವೆಯಾದರು. 1882ರ ಫೆಬ್ರವರಿಯಲ್ಲಿ ಅವರೂ ಕಾಲರಾಕ್ಕೆ ಬಲಿಯಾದಾಗ ಮಗಳು ಮನೋರಮಾಗೆ ಇನ್ನೂ ವರ್ಷ ತುಂಬಿರಲಿಲ್ಲ.

1883ರಲ್ಲಿ ಇಂಗ್ಲೆಂಡಿನ ವಾಂಟೇಜ್‌ಗೆ ಹೋದ ರಮಾಬಾಯಿಯವರ ಜೊತೆ ಆನಂದೀಬಾಯಿ ಭಗತ್ ಎಂಬ ಗೆಳತಿಯಿದ್ದರು. ಬಲವಂತವಾಗಿ ಮತಾಂತರ ಮಾಡುತ್ತಾರೆಂಬ ಭೀತಿಯಿಂದ ಮನಸ್ಸು ಕದಡಿದ ಆಕೆ ಒಂದು ರಾತ್ರಿ ರಮಾಬಾಯಿಯವರ ಕತ್ತು ಹಿಸುಕಲು ಯತ್ನಿಸಿ, ಬಳಿಕ ತಾನೇ ಪ್ರಾಣ ಕಳೆದುಕೊಂಡರು. ಅನಂತರ ಆಕ್ಸ್‌ಫರ್ಡ್‌ನ ತಮ್ಮ ಮನೆಗೆ ಬಂದ ರಮಾಬಾಯಿ ಒಂಟಿಯಾಗಿ ಮಲಗಲಾಗದೆ, ಪ್ರತಿ ರಾತ್ರಿ ಕೆಲಸದಾಕೆಯೊಬ್ಬಳನ್ನು ಜೊತೆಗಿರಿಸಬೇಕಾಯಿತೆಂದು ವಿದ್ವಾಂಸ ಮ್ಯಾಕ್ಸ್ ಮುಲ್ಲರ್ ದಾಖಲಿಸಿದ್ದಾರೆ. ಅದೇ ವರ್ಷದ ಸೆಪ್ಟೆಂಬರ್ 29ರಂದು ರಮಾಬಾಯಿ ದೀಕ್ಷಾಸ್ನಾನ ಪಡೆದರು. ಹಾಗೆಂದು ಹೇಳಿದ್ದಕ್ಕೆಲ್ಲ ತಲೆಯಾಡಿಸಿದವರಲ್ಲ. ಗುರುಗಳೊಂದಿಗೆ ಸಿದ್ಧಾಂತಗಳ ಕುರಿತು ವಾದಿಸಿದರು, ಸಸ್ಯಾಹಾರವನ್ನೂ ಬಿಡಲಿಲ್ಲ.

ದೀಕ್ಷೆಯಾದ ದಿನವೇ ಭಯವೆಲ್ಲ ಓಡಿಹೋಯಿತು ಎಂದು ಕೆಲವರು ಬರೆಯುವುದುಂಟು. ಅದು ಸರಿಯಲ್ಲ. ಧರ್ಮ ಸಿಕ್ಕಿತು, ಆದರೆ ಕ್ರಿಸ್ತನು ಸಿಗಲಿಲ್ಲ ಎಂಬರ್ಥದಲ್ಲಿ ರಮಾಬಾಯಿಯವರೇ ಮುಂದೆ ಆ ವರ್ಷಗಳನ್ನು ನೆನೆದಿದ್ದಾರೆ. ಚಿಕ್ಕಂದಿನಿಂದ ಪುಣ್ಯವನ್ನು ಯಾತ್ರೆಯಿಂದ, ವ್ರತದಿಂದ ಗಳಿಸಬೇಕೆಂದು ನಂಬಿದ್ದವರಿಗೆ ಕ್ಷಮೆ ಗಳಿಸುವಂಥದ್ದಲ್ಲ, ಕೇಳಿ ಪಡೆಯುವಂಥದ್ದು ಎಂದು ಮನಗಾಣಲು ಸುಮಾರು ಎಂಟು ವರ್ಷ ಹಿಡಿಯಿತು. 1891ರ ಹೊತ್ತಿಗೆ ಆ ಸಮಾಧಾನ ದೊರೆಯಿತು.

ಅದು ಬೇಕಾಗಿಯೂ ಇತ್ತು. 1889ರ ಮಾರ್ಚ್ 11ರಂದು ಬಾಲವಿಧವೆಯರಿಗಾಗಿ ಬೊಂಬಾಯಿಯಲ್ಲಿ ತೆರೆದ ಶಾರದಾ ಸದನ ಮರುವರ್ಷ ಪುಣೆಗೆ ಬಂದಿತ್ತು. ಹುಡುಗಿಯರು ಕ್ರೈಸ್ತರಾಗುತ್ತಿದ್ದಾರೆಂಬ ಆರೋಪದ ಮೇಲೆ 1893ರಲ್ಲಿ ರಾನಡೆ, ಭಂಡಾರ್ಕರ್ ಅವರಂಥ ಹಿತೈಷಿಗಳೂ ಸಲಹಾ ಮಂಡಳಿ ತೊರೆದರು. ಅನೇಕ ಪೋಷಕರು ಮಕ್ಕಳನ್ನು ಕರೆದೊಯ್ದರು. ಪೋಷಕರ ಆತಂಕಕ್ಕೂ ಕಾರಣವಿರಲಿಲ್ಲ ಎನ್ನಲಾಗದು. ರಮಾಬಾಯಿ ಸದನವನ್ನು ಮುಚ್ಚಲಿಲ್ಲ.

ಅಮೆರಿಕದ ಅಭಿಮಾನಿಗಳು ನೆರವಿನ ಭರವಸೆ ಕೊಟ್ಟಿದ್ದು ಹತ್ತು ವರ್ಷಕ್ಕೆ ಮಾತ್ರ. ಆ ಅವಧಿ 1898ಕ್ಕೆ ಮುಗಿಯಿತು. ಠೇವಣಿಯಿಲ್ಲ, ನಿಗದಿತ ಆದಾಯವಿಲ್ಲ. ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಯಾರಲ್ಲೂ ಹಣ ಕೇಳದೆ ಪ್ರಾರ್ಥನೆಯನ್ನೇ ನಂಬಿ ಅನಾಥಾಲಯ ನಡೆಸಿದ ಜಾರ್ಜ್ ಮುಲ್ಲರ್ ಜೀವನಚರಿತ್ರೆ ಓದಿ, ಭಾರತದಲ್ಲೂ ಹೀಗೆ ದೇವರನ್ನು ನಂಬಲು ಸಾಧ್ಯವೇ ಎಂದು ಯೋಚಿಸಿದ್ದರು. ತಿಂಗಳ ಕೊನೆಗೆ ಜಮಾ-ಖರ್ಚು ಹೊಂದಿಸಿ ಬಲ್ಲವರಿಗೆ ಇದೆಂಥ ಧೈರ್ಯವೆಂದು ಬೇರೆ ಹೇಳಬೇಕಿಲ್ಲ. 1896-97ರ ಬರಗಾಲದಲ್ಲಿ ಮಧ್ಯಪ್ರಾಂತ್ಯದಿಂದ ತಂದ ಸುಮಾರು 300 ಹುಡುಗಿಯರಿಗಾಗಿ ಪುಣೆ ಸಮೀಪದ ಕೇಡಗಾಂವ್‌ನ ಹೊಲದಲ್ಲಿ ‘ಮುಕ್ತಿ’ ಸದನ ಬೆಳೆದಿತ್ತು.

ಆಗಲೇ ಬಂತು ಗುಜರಾತಿನ ‘ಛಪ್ಪನಿಯೊ’, ವಿಕ್ರಮ ಸಂವತ್ 1956ರ ಬರಗಾಲ. 1891ರಲ್ಲಿ 24 ಲಕ್ಷ ದಾಟಿದ್ದ ಬರೋಡಾ ಸಂಸ್ಥಾನದ ಜನಸಂಖ್ಯೆ 1901ರ ಗಣತಿಯಲ್ಲಿ ಸುಮಾರು 19.5 ಲಕ್ಷಕ್ಕಿಳಿದಿತ್ತು. ಕೇಡಗಾಂವ್‌ನಲ್ಲೂ ಮಳೆಯಿಲ್ಲ, ಬಾವಿಗಳು ತಳ ಕಾಣುತ್ತಿದ್ದವು. ಇದ್ದವರಿಗೇ ನೀರು, ಜೋಳ ಸಾಲುವುದೋ ಇಲ್ಲವೋ ಎಂಬ ಹೊತ್ತಿನಲ್ಲಿ, ಹಸಿವೆಂದರೇನೆಂದು ಬಲ್ಲ ರಮಾಬಾಯಿ ಗುಜರಾತಿಗೆ ಸಹಾಯಕರನ್ನು ಕಳುಹಿಸಿದರು. ದಿಕ್ಕಿಲ್ಲದ ಹುಡುಗಿಯರು ದುಷ್ಟರ ಕೈಗೆ ಸಿಕ್ಕುವ ಅಪಾಯವನ್ನು ಹಿಂದಿನ ಬರಗಾಲದಲ್ಲೇ ಕಂಡಿದ್ದರು. ಹಸಿವು, ಕಾಯಿಲೆಯಿಂದ ಬಡಕಲಾದ ಮಕ್ಕಳು ತಂಡತಂಡವಾಗಿ ಬಂದರು. ಎಲ್ಲರನ್ನೂ ಉಳಿಸಿಕೊಳ್ಳಲು ಆಗಲಿಲ್ಲ. ಆದರೂ ಮುಕ್ತಿಯಲ್ಲಿದ್ದವರ ಸಂಖ್ಯೆ 2000ದ ಸಮೀಪಕ್ಕೇರಿತು. ಓದಿನ ಜೊತೆ ನೇಯ್ಗೆ, ಬೇಸಾಯ, ಹೈನುಗಾರಿಕೆ, ಮುದ್ರಣ ಕಲಿಸಲಾಯಿತು.

ತಾಯ್ನಾಡನ್ನೂ ಮರೆಯಲಿಲ್ಲ. 1912-13ರ ಸುಮಾರಿಗೆ ಗುಲ್ಬರ್ಗದಲ್ಲಿ ಶಾಲೆ ಆರಂಭವಾಯಿತು. ಮನೋರಮಾ ಅದರ ಹೊಣೆ ಹೊತ್ತರು. ರಮಾಬಾಯಿ ಹೀಬ್ರೂ, ಗ್ರೀಕ್ ಕಲಿತು ಬೈಬಲನ್ನು ಸರಳ ಮರಾಠಿಗೆ ತರಲು ಕುಳಿತರು. 1921ರ ಜುಲೈನಲ್ಲಿ ಮನೋರಮಾ ನಲವತ್ತರ ಹರೆಯದಲ್ಲೇ ತೀರಿಕೊಂಡರು. ತಾಯಿ ಮತ್ತೆ ಅನುವಾದದ ಹಾಳೆಗಳತ್ತ ಮರಳಿದರು. ಆ ಕೆಲಸ ಮುಗಿಸಿ, 1922ರ ಏಪ್ರಿಲ್ 5ರಂದು ಕೇಡಗಾಂವ್‌ನಲ್ಲಿ ಕಣ್ಣು ಮುಚ್ಚಿದರು. ಗ್ರಂಥ 1924ರಲ್ಲಿ ಮುಕ್ತಿಯ ಮುದ್ರಣಾಲಯದಲ್ಲೇ, ಅಲ್ಲಿನ ಮಹಿಳೆಯರ ಕೈಯಿಂದ ಅಚ್ಚಾಯಿತು.

ಭಾರತೀಯ ಅಂಚೆ ಇಲಾಖೆ 1989ರಲ್ಲಿ ರಮಾಬಾಯಿ ಸ್ಮರಣಾರ್ಥ ಅಂಚೆಚೀಟಿ ಹೊರತಂದಿತು. ಮುಕ್ತಿ ಸಂಸ್ಥೆ ಇಂದಿಗೂ ನಡೆಯುತ್ತಿದೆ. ಪುಣೆಯಿಂದ ಸೊಲ್ಲಾಪುರ, ಕಲಬುರಗಿ ಕಡೆಗೆ ರೈಲಿನಲ್ಲಿ ಹೋಗುವವರಿಗೆ ದೌಂಡ್‌ಗಿಂತ ಮೊದಲು ಕೇಡಗಾಂವ್ ನಿಲ್ದಾಣ ಸಿಗುತ್ತದೆ.